ಕುಂಚ ಒರೆಸಿದ ಗೋಡೆ

ಚಪ್ಪಲಿ ಹೊರಗೆ ಬಿಡಿ.
ಇದು ಗುಡಿಯಲ್ಲ, ನೆಲ ಸಗಣಿಯದು, ಅದಕ್ಕೆ.
ಹತ್ತು ರೂಪಾಯಿ. ಶಾಲೆ ಮಕ್ಕಳಿಗೆ ಬಿಟ್ಟಿ.
ಬೀಗದ ಕೈ ನನ್ನ ಸೊಂಟದಲ್ಲಿದೆ,
ಮೊದಲು ಎಲೆಯಡಿಕೆ ಸಂಚಿ ಇರುತ್ತಿದ್ದ ಜಾಗದಲ್ಲಿ.

ಇದು ಪಡಸಾಲೆ.
ಕೇಣಿಯ ದೋಣಿಗಳಿಗೆಲ್ಲ ಹೆಸರು ಬರೆದದ್ದು ಇಲ್ಲಲ್ಲ,
ಅದು ದಡದಲ್ಲಿ, ಮರಳಿಗೆ ಮೊಣಕಾಲು ಊರಿ.
ರಾತ್ರಿ ಚಿಮಣಿ ಬೆಳಕಿನಲ್ಲಿ
ತನಗೆಂದು ಬರೆದದ್ದು ಈ ಹದಿನೇಳು.
ಗಾಜು ಹಾಕಿಸಿದ್ದು ಪಂಚಾಯತಿ.
ಚೀಟಿ ಅಂಟಿಸಿದ್ದು ಧಾರವಾಡದಿಂದ ಬಂದ ಪ್ರೊಫೆಸರು.

ನಾಲ್ಕನೆಯದರ ಕೆಳಗೆ
‘ಅನಾಮಿಕ ಮೀನುಗಾರ ಮಹಿಳೆ’ ಅಂತ ಇದೆಯಲ್ಲ,
ಅದು ನಾನು. ಬುದವಂತಿ ಹರಿಕಂತ್ರ.
ಚಿತ್ರಕ್ಕೆಂದು ಕೂತವಳಲ್ಲ.
ಬುಟ್ಟಿ ಇಳಿಸಿ, ತಾರ್ಲೆ ಎಣಿಸಿ,
ಬೆಕ್ಕನ್ನು ಬೈದು, ಮತ್ತೆ ಬುಟ್ಟಿ ಎತ್ತುವಷ್ಟು ಹೊತ್ತು,
ಅಷ್ಟರಲ್ಲೇ ಹಿಡಿದಿದ್ದಾನೆ. ನೋಡಿ,
ಬೆಕ್ಕನ್ನು ಬೈಯುತ್ತಿರುವ ಬಾಯಿ ಅದು.

ಮೀನಿನ ಬಾಕಿ ಏರಿತ್ತು. ಒಂದು ದಿನ
‘ಬಾಕಿಗೆ ಇದನ್ನೇ ಒಯ್ಯೇ’ ಅಂದ.
‘ಹುರಿದು ತಿನ್ನಲಿಕ್ಕೆ ಬರ್ತದ್ಯಾ?’ ಅಂದೆ ನಾನು.
ನಕ್ಕ. ಮರುದಿನ ಯಾವುದೋ ಟ್ರಾಲರಿಗೆ
‘ಜಲದೇವಿ ಪ್ರಸನ್ನ’ ಬರೆದು ಬಂದ ದುಡ್ಡು ತಂದು ಕೊಟ್ಟ.
ಈಗ ಆ ಪಟಕ್ಕೆ ವಿಮೆ ಉಂಟಂತೆ.
ನನಗೆ ಇಲ್ಲ.

ರಾಕು ಆಗೇರ.
ಅಪ್ಪ ಸಾಣೆಕಟ್ಟೆಯ ಆಗರದಲ್ಲಿ ಉಪ್ಪು ಎಳೆಯುತ್ತಿದ್ದವ.
ಮಗ ಬಿಳಿ ಬಣ್ಣದ ಡಬ್ಬಿ ತಂದದ್ದೇ ಕಡಿಮೆ.
ಬಿಳಿ ಬೇಕಾದಲ್ಲಿ ಕಾಗದ ಹಾಗೇ ಬಿಡುತ್ತಿದ್ದ.
‘ಬಿಳಿ ನೋಡಿ ನೋಡಿ ಅಪ್ಪನ ಕಣ್ಣು ಹೋಯಿತು’
ಅನ್ನುತ್ತಿದ್ದ, ಬೇರೇನೂ ಹೇಳುತ್ತಿರಲಿಲ್ಲ.

ಈ ಕಡೆ ಬನ್ನಿ, ಅಡುಗೆಮನೆ.
ಇಲ್ಲಿ ಏನೂ ಇಲ್ಲ ಅಂತ ಹಾಳೆಯಲ್ಲಿ ಬರೆದಿದ್ದಾರೆ.
ಒಲೆ ಉಂಟು, ಒಂದು ಕೈ ಮುರಿದ ಮಣೆ ಉಂಟು.
ಒಲೆಯ ಹಿಂದಿನ ಗೋಡೆಗೆ ಅಂವ
ಮೂವತ್ತು ವರ್ಷ ಕುಂಚ ಒರೆಸಿದ.
ದೋಣಿಯ ಕೆಂಪು, ಹುಟ್ಟಿನ ಹಳದಿ,
ಅಂಗಡಿ ಬೋರ್ಡಿನ ಹಸಿರು,
ಬೆಲೇಕೇರಿ ಬಂದರಿನ ಕ್ರೇನಿಗೆ ಬಳಿದು ಉಳಿದ ನೀಲಿ.
ಗಂಜಿ ಕುದಿಯುವಾಗ ಒಮ್ಮೆ ಹೀಗೆ, ಒಮ್ಮೆ ಹಾಗೆ.
ಗೋಡೆ ದಪ್ಪವಾಗುತ್ತ ಹೋಯಿತು.
ಬೆರಳಿಟ್ಟರೆ ಮೀನಿನ ಹುರುಪೆಯ ಹಾಗೆ ತಾಗುತ್ತಿತ್ತು.
ನಾನು ನೋಡುತ್ತಿದ್ದದ್ದು ಅದನ್ನೇ.
ಪಟಗಳು ಎಲ್ಲಿದ್ದವೋ ನನಗೆ ಗೊತ್ತೂ ಇರಲಿಲ್ಲ.

ಉದ್ಘಾಟನೆಗೆ ಎರಡು ದಿನ ಮೊದಲು
ಸಮಿತಿಯವರು ಬಂದು ‘ಶೀ, ಏನು ಕೊಳಕು’ ಅಂದರು.
ಎರಡು ಕೈ ಸುಣ್ಣ. ಸಂಜೆಯೊಳಗೆ ಸಾಫು.
ನಾನು ಹೊಸಿಲಲ್ಲಿ ನಿಂತಿದ್ದೆ,
ನನ್ನನ್ನು ಇನ್ನೂ ಕೆಲಸಕ್ಕೆ ತಕ್ಕೊಂಡಿರಲಿಲ್ಲ.

ಆದರೆ ಎಣ್ಣೆ ಬಣ್ಣದ ಮೇಲೆ ಸುಣ್ಣ ಎಷ್ಟು ದಿನ ನಿಂತೀತು?
ಅದೂ ಈ ಉಪ್ಪುಗಾಳಿಗೆ.
ಮೊದಲು ಒಂದು ಗುಳ್ಳೆ. ಆಮೇಲೆ ಸಿಪ್ಪೆ.
ದಿನಾ ಬೆಳಿಗ್ಗೆ ನೆಲದ ಮೇಲೆ ಬಿಳಿ ಚೂರು ಬಿದ್ದಿರುತ್ತದೆ,
ಗುಡಿಸುತ್ತೇನೆ. ಗುಡಿಸುವಾಗ
ಹಿಡಿಯ ತುದಿ ಗೋಡೆಗೆ ತಾಗುತ್ತದೆ.
ತಾಗುತ್ತದೆ, ಅಷ್ಟೆ.
ಅಗೋ, ಮೂಲೆಯಲ್ಲಿ ಅಂಗೈಯಗಲ ನೀಲಿ,
ಅದರ ಪಕ್ಕ ಹೋದ ವಾರ ಎದ್ದ ಕೆಂಪು.
ಫೋಟೋ ಬೇಡ. ಸಮಿತಿಯವರ ಕಣ್ಣಿಗೆ ಬೀಳುವುದು ಬೇಡ.

ನಿನ್ನೆ ಒಬ್ಬ ಹುಡುಗ ಬಂದಿದ್ದ,
ಡಿಸ್ಟೆಂಪರ್ ಡಬ್ಬಿ, ಏಣಿ, ರೋಲರ್.
ವಾರ್ಷಿಕೋತ್ಸವ ಬಂತಂತೆ.
‘ಕೀಲಿ ಎಲ್ಲೋ ಬಿತ್ತು ಮಗಾ, ನಾಳೆ ಬಾ’ ಅಂದೆ.
ಅಂವ ನನ್ನ ಸೊಂಟ ನೋಡಿದ,
ಏಣಿ ಹೆಗಲಿಗೇರಿಸಿ ಹೋದ.
ಇವತ್ತಂತೂ ಬರಲಿಲ್ಲ.

ಪುಸ್ತಕದಲ್ಲಿ ಏನಾದರೂ ಬರೆದು ಹೋಗಿ,
ಊರು, ಹೆಸರು, ‘ಚೆನ್ನಾಗಿದೆ’ ಅಂತ.
ಹೊರಗೆ ಹೋಗುವಾಗ ತಲೆ ಬಗ್ಗಿಸಿ,
ಅಂವ ಕುಳ್ಳ,
ಬಾಗಿಲು ಅಂವನ ಅಳತೆಯದು.